ಜಮಖಾನದ ಹಿಂದೆ ಬಾರಿಸಿದ ಹಿತ್ತಾಳೆ ಡ್ರಮ್ಮು

ಆ ಹಿತ್ತಾಳೆ ಡ್ರಮ್ಮು ಕೆಟ್ಟದ್ದಾಗಿರಲಿಲ್ಲ. ಅದು ಕೆಟ್ಟದಾಗಿ ಕೇಳಿಸುವಂತೆ ಮಾಡಿದ್ದು ನಾನು.

ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುವುದು ವಾಸಿ. ಇಲ್ಲದಿದ್ದರೆ ನನ್ನ ಚಾಳಿ ನನಗೆ ಗೊತ್ತು — ಪೀಠಿಕೆ ಹಾಕುತ್ತೇನೆ, ಎದುರಾಳಿ ಏನು ಕೇಳಬಹುದೆಂದು ಮೊದಲೇ ಊಹಿಸಿ ಉತ್ತರ ಕೊಡುತ್ತೇನೆ, ಕೊನೆಗೆ ತಪ್ಪೊಪ್ಪಿಗೆಯಲ್ಲೂ ನಾನೇ ಗೆದ್ದುಬಿಡುತ್ತೇನೆ.

ಅರಸೀಕೆರೆಯ ನಮ್ಮ ಬುದ್ಧ ವಿಹಾರದಲ್ಲಿ ಹೇಳುವ ಕಥೆ ಬೇರೆ. ಪ್ರತಿ ಬುದ್ಧ ಪೂರ್ಣಿಮೆಗೂ ನನ್ನ ಅಪ್ಪನೇ ಮೈಕ್ ಮುಂದೆ ನಿಂತು ಅದನ್ನು ಹೇಳುತ್ತಾರೆ. ಅವರ ಮಾತಲ್ಲೇ ಹೇಳುವುದಾದರೆ: ನಮ್ಮ ಬ್ಯಾಂಡ್ ಸೆಟ್ಟಿಗೆ ಸೈಡ್ ಡ್ರಮ್ ಬೇಕಾಗಿತ್ತು. ಅಣ್ಣನ ಮಗಳು ಪದ್ಮ ಬೇಲೂರಿನಿಂದ ಒಂದು ಹಳೇ ಡ್ರಮ್ಮು ಆರಿಸಿ ತಂದಳು. ಬಾರಿಸಿದರೆ ಅದು ತಮಟೆ. ನಾವು ಬಿಟ್ಟು ಬಂದದ್ದೇ ಹಿಂಬಾಗಿಲಿನಿಂದ ಒಳಗೆ ಬರುತ್ತಿತ್ತು. ಆಗ ನನ್ನ ಮಗಳು ಸುಜಾತ, ಇನ್ನೂ ಡಿಗ್ರಿ ಓದುತ್ತಿದ್ದವಳು, ಕಣ್ಣು ಮುಚ್ಚಿ ಕೇಳುವ ಪರೀಕ್ಷೆಯೊಂದನ್ನು ಇಟ್ಟಳು. ಸತ್ಯ ತಾನಾಗಿ ಹೊರಬಿತ್ತು. ವೈಚಾರಿಕತೆ ಅಂದರೆ ಇದು.

ಜನ ಚಪ್ಪಾಳೆ ತಟ್ಟುತ್ತಾರೆ. ಆ ಸುಜಾತ ನಾನು, ಎರಡನೇ ಸಾಲಿನಲ್ಲಿ ಕೂತು ತಲೆ ತಗ್ಗಿಸುತ್ತೇನೆ. ಅದನ್ನು ಅವರು ವಿನಯ ಅಂದುಕೊಂಡಿದ್ದಾರೆ.

ಈ ಕಥೆಯಲ್ಲಿ ಒಂದು ತೂತಿದೆ, ಕೈ ತೂರಿಸುವಷ್ಟು ದೊಡ್ಡದು. ಹೈಸ್ಕೂಲಿನುದ್ದಕ್ಕೂ ಸೈಡ್ ಡ್ರಮ್ ಬಾರಿಸಿದ ಹುಡುಗಿಗೆ, ಬೇಲೂರಿಗೆ ಹೋಗಿ ಕೈಯಲ್ಲಿ ಹಿಡಿದು ಬಾರಿಸಿ ನೋಡಿದವಳಿಗೆ, ಅದರ ಸದ್ದು ತಮಟೆಯಂತಿದೆ ಎಂದು ಅಲ್ಲೇ ಗೊತ್ತಾಗಲಿಲ್ಲವೇ? ಇಷ್ಟು ವರ್ಷದಲ್ಲಿ ಒಬ್ಬರೂ ಇದನ್ನು ಕೇಳಲಿಲ್ಲ. ಕಥೆಯ ಕೊನೆ ಎಲ್ಲರಿಗೂ ಹಿಡಿಸಿತ್ತು, ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಪ್ರಶ್ನೆ ಕೇಳುವುದನ್ನೇ ಕಸುಬು ಮಾಡಿಕೊಂಡ ನಾನಂತೂ — ನಾನು ಹೇಗೆ ಕೇಳಲಿ.

ಪದ್ಮಕ್ಕ, ಇದು ನಿನಗೆ. ಓದುವ ಉಳಿದವರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲಿ. ನಿನಗೆ ಗೊತ್ತಿರುವ ಕೆಲವನ್ನು ಅವರಿಗಾಗಿ ಮತ್ತೆ ಹೇಳಬೇಕಾಗುತ್ತದೆ, ಸಹಿಸಿಕೋ.

ನಮ್ಮ ಮೂಲ ಮಾದಿಹಳ್ಳಿ. ನಿನ್ನಪ್ಪ, ನನ್ನ ದೊಡ್ಡಪ್ಪ, ಅಲ್ಲಿ ತಮಟೆ ಬಾರಿಸುತ್ತಿದ್ದರು. ಹಬ್ಬಕ್ಕೆ, ಮದುವೆಗೆ, ಹೆಣದ ಮುಂದೆ — ಊರಿನಿಂದ ಕರೆ ಬರುತ್ತಿತ್ತು. ಕರೆ ಅನ್ನುವುದು ಸೌಜನ್ಯದ ಮಾತು, ಅದು ಅಪ್ಪಣೆ. ಬಾರಿಸಿ ಮುಗಿಸಿದ ಮೇಲೆ ಅಂಗಳದಾಚೆ ಕೂತು ಊಟ. ನನ್ನ ಅಪ್ಪ ಓದಿ ರೈಲ್ವೆಯಲ್ಲಿ ಗುಮಾಸ್ತರಾಗಿ ಅರಸೀಕೆರೆಗೆ ಬಂದವರು. ದೊಡ್ಡಪ್ಪ ಊರಲ್ಲೇ ಉಳಿದವರು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಎರಡೂ ಮನೆಯವರು ಬೌದ್ಧ ದೀಕ್ಷೆ ತೆಗೆದುಕೊಂಡೆವು. ಅದಾದ ಕೆಲವೇ ದಿನಕ್ಕೆ ಊರಲ್ಲೊಂದು ಸಾವಾಯಿತು. ಕರೆಯಲು ಆಳು ಬಂದ. ದೊಡ್ಡಪ್ಪ ಹುಲ್ಲಿಗೆ ಬೆಂಕಿ ಹಚ್ಚಿ, ಯಾವಾಗಲೂ ಮಾಡುವ ಹಾಗೆ ತಮಟೆಯನ್ನು ಕಾಯಿಸಲು ಉರಿಗೆ ಹಿಡಿದರು. ಆದರೆ ಹಿಂದಕ್ಕೆ ತೆಗೆಯಲಿಲ್ಲ. ಚರ್ಮ ಮೊದಲು ಬಿಗಿಯಾಯಿತು, ಆಮೇಲೆ ಕಪ್ಪಾಯಿತು, ಆಮೇಲೆ ಸೀಳಿತು. "ಇನ್ನಿಲ್ಲ ಅಂತ ಹೇಳ್ಬುಡಪ್ಪ" ಅಂದರಂತೆ, ನಿಂತಿದ್ದ ಆಳಿಗೆ.

ಅಂದಿನಿಂದ ನಮ್ಮ ಎರಡು ಮನೆಗಳಲ್ಲೂ ಅದೊಂದು ಬರೆಯದ ಕಾನೂನು. ಊಟಕ್ಕೆ ಕೂತಾಗ ತಟ್ಟೆಯ ಅಂಚಿಗೆ ಬೆರಳು ಬಡಿದರೂ ದೊಡ್ಡಮ್ಮ ಕಣ್ಣು ಬಿಡುತ್ತಿದ್ದರು.

ಸೈಡ್ ಡ್ರಮ್ಮಿಗೆ ಮಾತ್ರ ವಿನಾಯಿತಿ. ಅದು ಶಾಲೆಯದು. ಯೂನಿಫಾರ್ಮು, ಭುಜಕ್ಕೆ ಬೆಲ್ಟು, ಎರಡು ಕಡ್ಡಿ, ಎಡ-ಬಲ-ಎಡ. ಅದನ್ನು ಬಾರಿಸಿದವರನ್ನು ಯಾರೂ ಅಂಗಳದಾಚೆ ಕೂರಿಸುವುದಿಲ್ಲ. ಹಳೇಬೀಡಿನ ಹೈಸ್ಕೂಲಿನಲ್ಲಿ ನಿನ್ನ ಕೈಗೆ ಅದು ಬಂದಾಗ ದೊಡ್ಡಪ್ಪ ಬೇಡ ಅನ್ನಲಿಲ್ಲ. ಆಗಸ್ಟ್ ಹದಿನೈದಕ್ಕೆ ಮೈದಾನದ ಬೇಲಿಯಾಚೆ ನಿಂತು ನೋಡಿದರಂತೆ. ಆ ಸದ್ದೇ ಬೇರೆಯಲ್ಲವೇ — ಕೆಳಗಿನ ಚರ್ಮಕ್ಕೆ ಆತುಕೊಂಡ ಸುರುಳಿ ತಂತಿಗಳು ಒಂದೊಂದು ಏಟಿಗೂ ಝರ್ರೆಂದು ಉತ್ತರ ಕೊಡುತ್ತವೆ. ಆ ಝರ್ರು ಇರುವುದರಿಂದಲೇ ಅದು ಪರೇಡಿನ ಡ್ರಮ್ಮು. ಅದು ಇಲ್ಲವಾದರೆ —

ಅದಕ್ಕೆ ಬರುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಪೂರ್ಣಿಮೆಯ ಮೆರವಣಿಗೆಗೆ ಬಾಡಿಗೆಗೆ ಕರೆದಿದ್ದ ಬ್ಯಾಂಡಿನವರು ಹಿಂದಿನ ವರ್ಷ ನಡುರಸ್ತೆಯಲ್ಲಿ ನಮ್ಮನ್ನು ಬಿಟ್ಟು ಒಂದು ಮದುವೆಗೆ ಹೋಗಿಬಿಟ್ಟಿದ್ದರು. ನಮ್ಮದೇ ಸೆಟ್ ಮಾಡೋಣ ಎಂದು ವಿಹಾರದ ಸಮಿತಿ ತೀರ್ಮಾನಿಸಿತು. ದೊಡ್ಡ ಡ್ರಮ್ಮು, ಬ್ಯೂಗಲ್ಲು ದಾನ ಬಂದವು. ಸೈಡ್ ಡ್ರಮ್ ಒಂದನ್ನು ಕೊಳ್ಳಬೇಕಿತ್ತು. ಅದನ್ನು ಭುಜಕ್ಕೆ ಹಾಕಿಕೊಂಡು ಮೆರವಣಿಗೆಯ ಮುಂದೆ ನಡೆಯುವವಳು ನೀನು ಎಂದೂ ಆಗಲೇ ನಿಶ್ಚಯವಾಗಿತ್ತು. ನಮ್ಮವರ ಮೆರವಣಿಗೆಯಲ್ಲಿ ಹೆಣ್ಣುಮಗಳೊಬ್ಬಳು ಮುಂದೆ ನಡೆಯುವುದು ಅದೇ ಮೊದಲು. ನೀನು ಅದಕ್ಕಾಗಿ ಬಿಳಿ ಸೀರೆಗೆ ನೀಲಿ ಅಂಚು ಹೊಲಿಸಿಟ್ಟುಕೊಂಡಿದ್ದೆ.

ಸಮಿತಿಯ ಸಭೆಯಲ್ಲಿ ನಾನು ಎದ್ದು ನಿಂತು ಮಾತಾಡಿದೆ. ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಹೊಸ ಡ್ರಮ್ಮು ಸಿಗುತ್ತದೆ, ಗ್ಯಾರಂಟಿ ಇರುತ್ತದೆ, ಕೆಟ್ಟರೆ ಕೇಳಲು ಒಬ್ಬ ಮನುಷ್ಯ ಇರುತ್ತಾನೆ. ಬೇಲೂರಿನಲ್ಲಿ ಯಾರೋ ಬ್ಯಾಂಡ್ ಮುಚ್ಚಿ ಮಾರುತ್ತಿರುವ ಹಳೇ ಸಾಮಾನಿಗೆ ಪದ್ಮಕ್ಕನ ಕಿವಿಯೊಂದೇ ಸಾಕ್ಷಿ, ಕಿವಿಯನ್ನು ಅಡ್ಡ ಸವಾಲು ಮಾಡಲಾದೀತೇ? ಒಳ್ಳೆಯ ಭಾಷಣ. ಹಿಂದಿನ ವಾರವಷ್ಟೇ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಕಪ್ಪು ಗೆದ್ದಿದ್ದೆ, ಬಾಯಿ ಇನ್ನೂ ಬಿಸಿಯಾಗಿತ್ತು. ನಿಜ ಹೇಳಬೇಕೆಂದರೆ ಎರಡು ಡ್ರಮ್ಮುಗಳಲ್ಲಿ ಯಾವುದು ಒಳ್ಳೆಯದೆಂದು ನನಗೆ ಗೊತ್ತಿರಲಿಲ್ಲ. ಚೀಟಿ ಎತ್ತಿ ಪರವೋ ವಿರುದ್ಧವೋ ಬಂದದ್ದನ್ನು ವಾದಿಸಿ ಅಭ್ಯಾಸವಾದವಳು. ಅಂದು ಚೀಟಿಯನ್ನೂ ನಾನೇ ಬರೆದುಕೊಂಡಿದ್ದೆ.

ಅಪ್ಪ ಅಷ್ಟೂ ಕೇಳಿ ಹೇಳಿದರು: "ಸುಜಾತ, ನಿನಗೆ ಮಾತು ಗೊತ್ತು. ಅವಳಿಗೆ ಡ್ರಮ್ ಗೊತ್ತು. ಕೂತ್ಕೋ."

ಯಾರೋ ನಕ್ಕರು. ನೀನು ನಗಲಿಲ್ಲ. "ಅವ್ಳೂ ಬರ್ಲಿ ಚಿಕ್ಕಪ್ಪ, ಒಬ್ಳೇ ಹೋದ್ರೆ ಬಸ್ಸಲ್ಲಿ ಬೇಜಾರಾಯ್ತದೆ" ಅಂದೆ. ನೀನೂ ನಕ್ಕಿದ್ದರೆ ಚೆನ್ನಾಗಿತ್ತು. ನಕ್ಕವರ ಮೇಲಿನ ಸಿಟ್ಟು ಸಂಜೆಗೆ ಇಳಿಯಿತು. ನಿನ್ನ ಆ ಕನಿಕರ ಇಳಿಯಲಿಲ್ಲ.

ನಾನು ಅರಸೀಕೆರೆಯಿಂದ ಬೇಲೂರು ಬಸ್ಸು ಹತ್ತಿದೆ, ನೀನು ಹಳೇಬೀಡಿನಲ್ಲಿ ಹತ್ತಿಕೊಂಡೆ. ಬೇಲೂರಿನ ಆ ಮನುಷ್ಯ ನಿನಗೆ ನೆನಪಿದ್ದಾನೆಯೇ — ಬ್ಯಾಂಡ್ ಸೆಟ್ ಮುಚ್ಚಿ ಶಾಮಿಯಾನ, ಮೈಕ್ ಸೆಟ್ ಇಡಲು ಹೊರಟಿದ್ದವನು. "ಬ್ಯಾಂಡಿನ್ ಕಾಲ ಮುಗೀತು ಕಣ್ರವ್ವ. ಈಗ ಕ್ಯಾಸೆಟ್ ಹಾಕಿ ಬಾಕ್ಸ್ ಇಟ್ರೆ ಆಯ್ತು. ಊದೋರಿಗೆ ಊಟ ಹಾಕ್ಬೇಕು, ಬಾಕ್ಸಿಗೆ ಹಾಕಂಗಿಲ್ಲ ನೋಡಿ." ನಾನು ಅವನ ಜೊತೆ ವಾದಕ್ಕಿಳಿದೆ. ಹಳೇ ಸಾಮಾನಿಗೆ ಹೊಸದರ ಬೆಲೆ ಹೇಗೆ ಕೇಳುತ್ತೀರಿ ಅಂದೆ. "ನೀವು ಲಾಯರ್ ಓದ್ತಿದ್ದೀರಾ?" ಅಂದ. ನೀನು ಮಾತ್ರ ನಮ್ಮಿಬ್ಬರ ಕಡೆ ನೋಡಲೂ ಇಲ್ಲ. ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಹಿತ್ತಾಳೆ ಡ್ರಮ್ಮನ್ನು ತೆಗೆದು, ಬಾಗಿಲ ಮುಂದಿನ ಸಮತಟ್ಟಾದ ಕಲ್ಲಿನ ಮೇಲೆ ಬೋರಲು ಇಟ್ಟೆ. ಅಂಚನ್ನು ಆ ಬದಿ ಈ ಬದಿ ಒತ್ತಿ ನೋಡಿದೆ, ಸೊಟ್ಟಗಿದ್ದು ಕುಲುಕುತ್ತದೆಯೇ ಎಂದು. ಕುಲುಕಲಿಲ್ಲ. ಆಮೇಲೆ ನೆಟ್ಟಗೆ ತಿರುಗಿಸಿ, ಸುತ್ತಲೂ ಪ್ರತಿ ತಿರುಪಿನ ಹತ್ತಿರ ಬೆರಳಲ್ಲಿ ತಟ್ಟುತ್ತ ಹೋದೆ, ಎಲ್ಲ ಕಡೆ ಒಂದೇ ದನಿ ಬರುವವರೆಗೂ ಬಿಗಿ ಮಾಡಿದೆ. ಕೊನೆಗೆ ಕಡ್ಡಿ ತೆಗೆದುಕೊಂಡು, ಜೋರಾಗಿ ಬಾರಿಸುತ್ತೀಯೆಂದು ನಾವಿಬ್ಬರೂ ಕಾಯುತ್ತಿದ್ದರೆ, ಅಂಚಿನ ಬಳಿ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಒಂದು ಏಟು ಹಾಕಿದೆ. ತಂತಿಗಳು ಅಷ್ಟೇ ಮೆಲ್ಲಗೆ ಉತ್ತರ ಕೊಟ್ಟವು.

"ಮೆಲ್ಲುಕೆ ಹೊಡ್ದಾಗ ಮಾತಾಡ್ಬೇಕು ಕಣೇ. ಜೋರಾಗ್ ಹೊಡುದ್ರೆ ಸೀಮೆಎಣ್ಣೆ ಡಬ್ಬಾನೂ ಮಾತಾಡ್ತದೆ."

ಆಮೇಲೆ ನನ್ನನ್ನು ಹತ್ತಿರ ಕರೆದು ಪಕ್ಕದಲ್ಲಿದ್ದ ಪುಟ್ಟ ಲಿವರನ್ನು ತೋರಿಸಿದೆ. ಮೇಲಕ್ಕಿದ್ದರೆ ತಂತಿ ಚರ್ಮಕ್ಕೆ ತಾಗಿರುತ್ತದೆ. ಕೆಳಕ್ಕೆ ಎಳೆದೆ. ತಂತಿ ಸಡಿಲಾಗಿ ಜೋತುಬಿತ್ತು. ಒಂದು ಏಟು ಹಾಕಿದೆ — ಟಣಾ. ಝರ್ರು ಇಲ್ಲ, ಬರೀ ಬಿಗಿದ ಚರ್ಮದ ಬೆತ್ತಲೆ ಸದ್ದು. ಇಬ್ಬರಿಗೂ ಆ ಸದ್ದು ಗೊತ್ತಿತ್ತು. ನೀನು ಗಡಬಡಿಸಿ ಲಿವರನ್ನು ಮೇಲಕ್ಕೆ ತಳ್ಳಿ, ಬೀದಿಯ ಎರಡೂ ಕಡೆ ನೋಡಿ, ನಕ್ಕೆ. "ಅಪ್ಪ ಕೇಳುಸ್ಕಂಡ್ರೆ ನನ್ನೂ ಉರಿಗೆ ಹಿಡೀತಾರೆ."

ನನಗೆ ಆ ಲಿವರು ಇದೆಯೆಂದೇ ಗೊತ್ತಿರಲಿಲ್ಲ, ಪದ್ಮಕ್ಕ. ನೀನೇ ಕಲಿಸಿದ್ದು.

ಭಾನುವಾರದ ತನಕ ಇಟ್ಟುಕೊಂಡು ನೋಡಿ, ಒಪ್ಪಿಗೆಯಾಗದಿದ್ದರೆ ವಾಪಸು ಕೊಡಿ ಎಂದು ಅವನು ಡ್ರಮ್ಮು ಕೊಟ್ಟ. ಹಿಂದಿರುಗುವ ಬಸ್ಸಿನಲ್ಲಿ ನೀನು ಅದನ್ನು ದುಪ್ಪಟಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದೆ. ಬಸ್ಸು ಏರು ಹತ್ತುವಾಗ ಇಂಜಿನ್ನಿನ ಸದ್ದಿಗೆ ಒಳಗಿನ ತಂತಿಗಳು ತಾವೇ ಗುಂಯ್‌ಗುಟ್ಟತೊಡಗಿದವು. ಟಿಕೆಟ್ಟಿಗೆ ಬಂದ ಕಂಡಕ್ಟರು ಒಂದು ಹೆಜ್ಜೆ ಹಿಂದೆ ಸರಿದು, "ಏನವ್ವ ಅದು, ಜೇನು ಕಟ್ಕಂಡ್ ಬಂದಿದ್ದೀರಾ?" ಅಂದ. ಇಡೀ ಬಸ್ಸು ನಕ್ಕಿತು. ನೀನು ಮಗುವನ್ನು ಸುಮ್ಮನಿರಿಸುವ ಹಾಗೆ ಅದರ ಮೇಲೆ ಅಂಗೈ ಇಟ್ಟೆ.

ಆ ಕ್ಷಣ ನನಗೆ ಗೊತ್ತಾಯಿತು. ಸ್ಟೇಷನ್ ರಸ್ತೆಯ ಅಂಗಡಿಯ ಕೆಂಪು ಡ್ರಮ್ಮನ್ನು ನಾನೂ ಬೆರಳಲ್ಲಿ ತಟ್ಟಿ ನೋಡಿದ್ದೆ; ಅದು ಏಟು ಬಿದ್ದರಷ್ಟೇ ಎಚ್ಚರಾಗುವ ಜಾತಿ. ನಿನ್ನ ಮಡಿಲಲ್ಲಿದ್ದದ್ದು ಏಟಿಲ್ಲದೆಯೂ ಕೇಳಿಸಿಕೊಳ್ಳುತ್ತಿತ್ತು. ಇರುವ ದುಡ್ಡಿಗೆ ಅದಕ್ಕಿಂತ ಒಳ್ಳೆಯದು ನಮಗೆ ಸಿಗುವುದು ಸಾಧ್ಯವಿರಲಿಲ್ಲ. ನಾನು ಸೋತಿದ್ದೆ. ಮತ್ತು — ಇದನ್ನು ಬರೆಯುವುದೇ ಕಷ್ಟ — ಸೋತೆನೆಂದು ಖಚಿತವಾದ ಮೇಲೆಯೇ ನನಗೆ ಗೆಲ್ಲಬೇಕೆನ್ನಿಸಿದ್ದು.

ಪರೀಕ್ಷೆಯ ಮಾತನ್ನು ಅಪ್ಪನ ಮುಂದೆ ನಾನು ಹೇಗೆ ಇಟ್ಟೆ ಗೊತ್ತೇ? ನಿನ್ನ ಪರವಾಗಿ. "ಹಳೇದು ಅಂತ ನೋಡಿದ ಕೂಡಲೇ ಯಾರಾದರೂ ಮೂಗು ಮುರಿಯಬಹುದು ಅಪ್ಪ, ಪದ್ಮಕ್ಕನಿಗೆ ಅನ್ಯಾಯ ಆಗಬಾರದು. ಅಂಗಡಿಯವರಿಂದ ಹೊಸದನ್ನೂ ತರಿಸೋಣ. ಮರೆಯಲ್ಲಿ ಕೂತು ಅವಳೇ ಎರಡನ್ನೂ ಬಾರಿಸಲಿ. ನೀವೆಲ್ಲ ಕಣ್ಣು ಮುಚ್ಚಿ ಕೇಳಿ, ಯಾವುದು ಯಾವುದೆಂದು ಗೊತ್ತಾಗದ ಹಾಗೆ." ಅಪ್ಪನ ಮುಖ ಅರಳಿತು. ಸಭೆಯಲ್ಲಿ ಗದರಿಸಿದ್ದಕ್ಕೆ ಅವರಿಗೂ ಒಳಗೆ ಇರಿಸುಮುರಿಸು ಇದ್ದಿರಬೇಕು. "ಇದು ಸರಿ. ಇದು ಬುದ್ಧಿವಂತರ ದಾರಿ" ಅಂದರು. ಪಕ್ಷಪಾತ ಬರದಿರಲೆಂದು ನಾನು ಕಟ್ಟಿದ ಮರೆ ಅದು. ಅದರ ಹಿಂದೆ ನಾನಿದ್ದೆ.

ಭಾನುವಾರ ಬೆಳಗ್ಗೆ ವಿಹಾರದ ಹಾಲಿನಲ್ಲಿ ಅಡ್ಡಕ್ಕೆ ಹಗ್ಗ ಕಟ್ಟಿ ಜಮಖಾನ ಇಳಿಬಿಟ್ಟೆವು. ಆಚೆ ಸಮಿತಿಯ ಹಿರಿಯರು, ಅವರ ನಡುವೆ ಮಾದಿಹಳ್ಳಿಯಿಂದ ಬಂದ ದೊಡ್ಡಪ್ಪ. ಈಚೆ ಎರಡು ಸ್ಟೂಲು, ಎರಡು ಡ್ರಮ್ಮು, ನೀನು, ನಾನು. ಶುರುವಾಗುವ ಮೊದಲು ನೀನು ಕೈ ತೊಳೆದು ಬರಲು ಹೊರಗೆ ನಲ್ಲಿಯ ಹತ್ತಿರ ಹೋದೆ.

ಆಗ ನಾನು ಹಿತ್ತಾಳೆಯದರ ಲಿವರನ್ನು ಕೆಳಕ್ಕೆ ಎಳೆದೆ. ಒಂದೇ ಬೆರಳು ಸಾಕಾಯಿತು.

ಆ ಗಳಿಗೆಯಲ್ಲಿ ಬುದ್ಧಿಗೆ ಮಂಕು ಕವಿಯಿತು, ಯೋಚಿಸಿರಲಿಲ್ಲ — ಹೀಗೆ ಬರೆಯಬಹುದು, ಚೆನ್ನಾಗಿಯೂ ಕಾಣುತ್ತದೆ. ಸುಳ್ಳಾಗುತ್ತದೆ. ಬಸ್ಸಿನಿಂದಲೇ ಯೋಚಿಸಿದ್ದೆ. ಆ ಸದ್ದು ಯಾರಿಗೆ ಎಲ್ಲಿ ತಗಲುತ್ತದೆಂದು ಗೊತ್ತಿದ್ದೇ ಯೋಚಿಸಿದ್ದೆ. ಹೊರಗಿನವರಾಗಿದ್ದರೆ ಡ್ರಮ್ಮು ಸ್ವಲ್ಪ ಹಾಳಾಗಿದೆ ಅಂದುಕೊಂಡು ಬಿಡುತ್ತಿದ್ದರು. ಅಷ್ಟು ಸಣ್ಣ ಲಿವರಿನಿಂದ ಒಂದು ಹುಡುಗಿಯನ್ನು ಉರುಳಿಸಬಹುದಾದ ಮನೆ ನಮ್ಮದೊಂದೇ. ಅದು ಗೊತ್ತಿದ್ದವಳು ಆ ಮನೆಯ ಮಗಳೇ.

ನೀನು ಬಂದೆ. ಮೊದಲು ಹೊಸ ಡ್ರಮ್ಮಿನ ಮೇಲೆ ಪರೇಡಿನ ಏಟು ಬಾರಿಸಿದೆ. ಚೆನ್ನಾಗಿಯೇ ಇತ್ತು. ನಿನ್ನ ಕೈಯಲ್ಲಿ ಯಾವುದು ಚೆನ್ನಾಗಿರುವುದಿಲ್ಲ. ಆಮೇಲೆ ಹಿತ್ತಾಳೆಯದರ ಮುಂದೆ ಕೂತು, ಕಡ್ಡಿ ಎತ್ತಿ ಒಂದು ಏಟು ಹಾಕಿದೆ.

ಟಣಾ.

ಕಡ್ಡಿ ಗಾಳಿಯಲ್ಲೇ ನಿಂತಿತು. ನಿನ್ನ ಎಡಗೈ ತಾನಾಗಿ ಡ್ರಮ್ಮಿನ ಪಕ್ಕಕ್ಕೆ ಇಳಿಯಿತು, ಹೆಬ್ಬೆರಳು ಲಿವರನ್ನು ಮುಟ್ಟಿತು. ನೀನು ನನ್ನನ್ನು ನೋಡಿದೆ. ನಾನು ಕಣ್ಣು ತಪ್ಪಿಸಲಿಲ್ಲ. ವೇದಿಕೆಯ ಮೇಲೆ ಎದುರಾಳಿ ತಡವರಿಸಿದಾಗ ಹೇಗೆ ನೋಡಲು ಕಲಿತಿದ್ದೆನೋ ಹಾಗೆ ನೋಡಿದೆ. ಒಂದು ಉಸಿರು — ಅಷ್ಟೇ. ಆಮೇಲೆ ನೀನು ಕೈಯನ್ನು ಲಿವರಿನಿಂದ ತೆಗೆದು, ಕಡ್ಡಿ ಸರಿಯಾಗಿ ಹಿಡಿದು, ಬಾರಿಸತೊಡಗಿದೆ.

ಪರೇಡಿನದಲ್ಲ. ಅದು ನಿನಗೆ ಯಾವ ಮೇಷ್ಟರೂ ಕಲಿಸಿದ್ದಲ್ಲ. ಚಿಕ್ಕಂದಿನಲ್ಲಿ ನಾವಿಬ್ಬರೂ ದೊಡ್ಡಪ್ಪನ ಹಿಂದೆ ಓಡುತ್ತ ಕೇಳಿದ್ದ ಆ ನಡೆ, ನಿಂತವರ ಕಾಲನ್ನು ಎಳೆಯುವ ಆ ನಡೆ, ಎಂದೋ ಸುಟ್ಟುಹೋಯಿತೆಂದು ನಾವೆಲ್ಲ ನಂಬಿದ್ದದ್ದು. ನಿನ್ನ ಕೈಯಲ್ಲಿ ಒಂದೇ ಒಂದು ಏಟೂ ಮರೆತಿರಲಿಲ್ಲ.

ಇನ್ನು ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನಾನು ಜಮಖಾನದ ಅಂಚಿನಿಂದ ಆಚೆ ಬಂದೆ. ಯಾಕೆ ಬಂದೆ? ಗೆಲ್ಲುವುದನ್ನು ಕಣ್ಣಾರೆ ನೋಡಲು. ಎಲ್ಲರೂ ನಾನು ಹೇಳಿದ್ದಂತೆ ಕಣ್ಣು ಮುಚ್ಚಿ ಕೂತಿದ್ದರು. ಅಪ್ಪನ ಹುಬ್ಬು ಗಂಟಾಗಿತ್ತು. ಒಬ್ಬಿಬ್ಬರ ಮುಖ ಹುಳಿ ತಿಂದಂತಾಗಿತ್ತು. ದೊಡ್ಡಪ್ಪನ ಮುಖದಲ್ಲಿ ಏನೂ ಇರಲಿಲ್ಲ. ಆದರೆ ಅವರ ಕೈ — ಪದ್ಮಕ್ಕ, ಅವರ ಎಡಗೈ ಬೆರಳುಗಳು ಮಂಡಿಯ ಮೇಲೆ ಆಡುತ್ತಿದ್ದವು. ನಿನ್ನ ಜೊತೆ ಜೊತೆಗೆ. ಕೆಲವು ಕಡೆ ನಿನಗಿಂತ ಅರೆಕ್ಷಣ ಮುಂದೆ, ಮುಂದಿನ ಏಟು ಎಲ್ಲಿ ಬೀಳಬೇಕೆಂದು ತೋರಿಸುವ ಹಾಗೆ. ಕತ್ತು ಒಂದಿಷ್ಟು ಓರೆಯಾಗಿತ್ತು. ಅವರು ಅಷ್ಟು ಹಗುರವಾಗಿ ಕೂತಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಯಾಕೋ ಕಣ್ಣು ತೆರೆದರು. ಎದುರಿಗೆ ನಾನು ನಿಂತಿದ್ದೆ, ಅವರ ಕೈಯನ್ನೇ ನೋಡುತ್ತ.

ಬೆರಳುಗಳು ಮುಷ್ಟಿಯಾದವು. "ಬ್ಯಾಡ" ಅಂದರು. ನಿನ್ನ ಕೈ ನಡುವಿನಲ್ಲೇ ನಿಂತಿತು. "ಆ ಸದ್ದು ಇಲ್ಲಿ ಬ್ಯಾಡ. ವಾಪಸ್ ಕೊಟ್ಬುಡಿ ಅದ್ನ."

ನೀನು ಜಮಖಾನ ಸರಿಸಿ ಹೊರಗೆ ಬಂದೆ. ಅವರು ನಿನ್ನ ಮುಖ ನೋಡದೆ ಕೇಳಿದರು: "ಇದುಕ್ಕಾ ನೀನು ಬೇಲೂರ್ಗಂಟ ಹೋಗಿದ್ದು?"

ಆಗ ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಡ್ರಮ್ಮು ಎತ್ತಿ ತಂದು ಲಿವರನ್ನು ತೋರಿಸಿದ್ದರೆ ಸಾಕಿತ್ತು. ನೀನು ನನ್ನ ಕಡೆ ಒಂದು ಸಲ ನೋಡಿ, "ತಪ್ಪಾಯ್ತು ಅಪ್ಪ" ಅಂದೆ.

ನಾನು? ಮಾತು ಗೊತ್ತಿದ್ದವಳು. ಇಡೀ ಜಿಲ್ಲೆಯ ವೇದಿಕೆಗಳ ಮೇಲೆ ಗಂಟೆ ಬಾರಿಸಿದರೂ ನಿಲ್ಲಿಸದೆ ಬೈಸಿಕೊಂಡವಳು. ಆ ಹಾಲಿನಲ್ಲಿ ನನ್ನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಅಪ್ಪ ನನ್ನ ಬೆನ್ನು ತಟ್ಟಿದರು. ನೀನು ಒಳಗೆ ಹೋಗಿ ಡ್ರಮ್ಮನ್ನು ದುಪ್ಪಟಿಗೆ ಸುತ್ತುತ್ತಿದ್ದಾಗ ಒಂದು ಸಣ್ಣ ಸದ್ದು ಕೇಳಿಸಿತು — ಝಿಣ್. ನೀನು ಲಿವರನ್ನು ಮೇಲಕ್ಕೆ ತಳ್ಳಿ ಸರಿಮಾಡಿ ಇಟ್ಟೆ. ಬೇಲೂರಿನವನಿಗೆ ಅವನ ಸಾಮಾನು ಇದ್ದ ಹಾಗೇ ಹಿಂದೆ ಹೋಗಬೇಕಲ್ಲ.

ಹೊಸ ಡ್ರಮ್ಮು ಕೊಂಡರು. ನೀನು ಕಡ್ಡಿ ಮುಟ್ಟಲಿಲ್ಲ. ಅಪ್ಪ ಒತ್ತಾಯ ಮಾಡಿದಾಗ, "ನನ್ ಕಿವಿ ಸರಿ ಇಲ್ಲ ಅಂತ ಎಲ್ಲಾರ್ಗೂ ಗೊತ್ತಾಯ್ತಲ್ಲ ಚಿಕ್ಕಪ್ಪ, ಬ್ಯಾರೆಯೋರು ಹೊಡೀಲಿ" ಅಂದೆ, ತಮಾಷೆಗೆಂಬಂತೆ. ಆ ಪೂರ್ಣಿಮೆಯ ದಿನ ನೀಲಿ ಅಂಚಿನ ಬಿಳಿ ಸೀರೆ ಉಟ್ಟು ನೀನು ಹೆಂಗಸರ ನಡುವೆ ಎಲ್ಲೋ ಹಿಂದೆ ಬಾವುಟ ಹಿಡಿದು ನಡೆದೆ. ದೊಡ್ಡಪ್ಪ ಬ್ಯಾಂಡಿಗಿಂತ ಬಹಳ ಹಿಂದೆ, ಇನ್ನೊಂದು ಬದಿಯಲ್ಲಿ ನಡೆದರು. ಮಳೆಗಾಲ ಬರುವ ಹೊತ್ತಿಗೆ ಕೆಂಪು ಡ್ರಮ್ಮಿನ ತಿರುಪುಗಳು ಹಿಡಿತ ಬಿಟ್ಟವು, ಅಂಚು ಸೊಟ್ಟಗಾಯಿತು. ಮೆಲ್ಲಗೆ ಬಾರಿಸಿದರೂ ಜೋರಾಗಿ ಬಾರಿಸಿದರೂ ಅದಕ್ಕೆ ಒಂದೇ ಮಾತು. ಆದರೂ ತಪ್ಪು ಆರಿಸಿದೆವು ಎಂದು ಯಾರೂ ಅನ್ನಲಿಲ್ಲ. ಪರೀಕ್ಷೆಯಲ್ಲಿ ಗೆದ್ದ ಡ್ರಮ್ಮಲ್ಲವೇ ಅದು. ಬಾರಿಸುವ ಹುಡುಗನನ್ನು ಬೈದರು. ಅದೇ ವರ್ಷ ಮೂಢನಂಬಿಕೆಯ ವಿರುದ್ಧದ ಚರ್ಚಾಸ್ಪರ್ಧೆಯಲ್ಲಿ ನಾನು ಇದೇ ಪ್ರಸಂಗವನ್ನು ಉದಾಹರಣೆಯಾಗಿ ಹೇಳಿ ಇನ್ನೊಂದು ಕಪ್ಪು ತಂದೆ. ಅದು ಈಗಲೂ ಅಪ್ಪನ ಶೋಕೇಸಿನಲ್ಲಿದೆ.

ನಿನಗೂ ನಿನ್ನಪ್ಪನಿಗೂ ಆಮೇಲೆ ಮಾತು ಕಡಿಮೆಯಾಯಿತೆಂದು ದೊಡ್ಡಮ್ಮ ಹೇಳುತ್ತಿದ್ದರು. "ಏನಾಯ್ತೋ ಕಾಣೆ, ಮಗ್ಳು ಬಂದ್ರೆ ತ್ವಾಟಕ್ ಎದ್ದೋಯ್ತಾರೆ." ಮಗಳು ಹಳೆಯದನ್ನು ಎದುರಿಗೆ ತಂದು ಹಿಡಿದಳು ಎಂಬ ಸಿಟ್ಟೆಂದು ಎಲ್ಲರೂ ಅಂದುಕೊಂಡರು. ನೀನೂ ಹಾಗೇ ಅಂದುಕೊಂಡಿರಬೇಕು. ಅಲ್ಲ ಎಂದು ಹೇಳಬಹುದಾಗಿದ್ದವಳು ನಾನೊಬ್ಬಳೇ — ಅವರ ಬೆರಳುಗಳನ್ನು ನೋಡಿದವಳು ನಾನೊಬ್ಬಳೇ. ಅವರಿಗೆ ನಾಚಿಕೆಯಾಗಿದ್ದು ನಿನ್ನಿಂದಲ್ಲ. ನನ್ನ ಕಣ್ಣಿಂದ. ಇದನ್ನು ಹೇಳಿದರೆ ಲಿವರಿನ ಮಾತೂ ಹೇಳಬೇಕಾಗುತ್ತಿತ್ತು, ಆದ್ದರಿಂದ ಎರಡನ್ನೂ ನುಂಗಿದೆ. ಹೋದ ವರ್ಷ ದೊಡ್ಡಪ್ಪನನ್ನು ಸದ್ದಿಲ್ಲದೆ ಕಳಿಸಿಕೊಟ್ಟೆವು. ಅವರು ಬಯಸಿದ್ದು ಅದನ್ನೇ ಎಂದು ಅಪ್ಪ ಹೇಳಿದರು. ಇರಬಹುದು. ಆದರೆ ಮಣ್ಣು ಹಾಕುವಾಗ ನನಗೆ ಕಂಡದ್ದು ಮಂಡಿಯ ಮೇಲೆ ಆಡುತ್ತಿದ್ದ ಆ ಬೆರಳುಗಳು.

ಕಳೆದ ತಿಂಗಳು ನಿನ್ನ ಫೋನು ಬಂತು. ಹಗರೆಯ ಹಾಲಿನ ಡೈರಿಯಿಂದ ಮಾತಾಡುತ್ತಿದ್ದೆ, ಹಿಂದೆ ಕ್ಯಾನುಗಳ ಸದ್ದು. "ಸುಜಾತ, ಮಗ್ಳು ಇಸ್ಕೂಲ್ ಬ್ಯಾಂಡಿಗೆ ಸೇರವ್ಳೆ ಕಣೇ. ಮನೇಲಿ ಕಲಿಯಕೆ ಒಂದು ಸೈಡ್ ಡ್ರಮ್ ಬೇಕಂತೆ. ಭಾಳ ದುಡ್ಡಿಂದಲ್ಲ, ಇರೋದ್ರಲ್ಲಿ ಒಳ್ಳೇದು ಯಾವ್ದು ಅಂತ ನೀನೇ ನೋಡಿ ಕೊಡ್ಸು. ನೀನು ಆರ್ಸೋದ್ರಲ್ಲಿ ಗಟ್ಟಿಗಿತ್ತಿ."

ನೀನು ನಗಲಿಲ್ಲ. ಕುಹಕದ ಎಳೆ ಇದೆಯೇ ಎಂದು ಆ ಮಾತನ್ನು ನಾನು ಎಷ್ಟು ಬಗೆಯಲ್ಲಿ ತಿರುಗಿಸಿ ಕೇಳಿಸಿಕೊಂಡಿದ್ದೇನೋ. ಆಯ್ತು ಅಕ್ಕ, ನೋಡ್ತೀನಿ ಅಂದೆ. ಮಾರನೆಯ ದಿನ ಅಂಗಡಿಗೂ ಹೋದೆ. ಅಂಗಡಿಯವನು ಒಂದು ಡ್ರಮ್ಮು ಇಳಿಸಿ ಮುಂದಿಟ್ಟ. ನನ್ನ ಕೈ ಮೊದಲು ಹೋದದ್ದು ಪಕ್ಕದ ಲಿವರಿಗೆ. ಅಲ್ಲೇ ಬಿಟ್ಟು ಬಂದೆ.

ಪದ್ಮಕ್ಕ, ನಿನ್ನ ಮಗಳ ಡ್ರಮ್ಮನ್ನು ನಾನು ಆರಿಸುವುದಿಲ್ಲ. ನೀನು ಬಾ. ಸಮತಟ್ಟಾದ ಕಲ್ಲು ಹುಡುಕಿ, ಬೋರಲು ಇಟ್ಟು, ಮೆಲ್ಲಗೆ ಹೊಡೆದು ನೀನೇ ನೋಡು. ಹಗರೆಯ ತನಕ ಮಡಿಲಲ್ಲಿಟ್ಟುಕೊಂಡು ನಾನು ಬರುತ್ತೇನೆ. ಈ ಪೂರ್ಣಿಮೆಗೆ ಅಪ್ಪ ಮತ್ತೆ ಅದೇ ಕಥೆ ಶುರು ಮಾಡಿದಾಗ ಎದ್ದು ನಿಂತು ಮೈಕ್ ಕೇಳುತ್ತೇನೆ. ಎಲ್ಲರ ಮುಂದೆ, ಒಂದು ಡ್ರಮ್ಮು ಇಟ್ಟುಕೊಂಡು, ಆ ಲಿವರನ್ನು ಎಳೆದು ತೋರಿಸುತ್ತೇನೆ. ಅಪ್ಪನಿಗೆ ಅದು ಹೇಗೆ ತಗಲುತ್ತದೋ ತಗಲಲಿ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಕೊಡುವ ಭಾರವೂ ನಿನ್ನ ಮೇಲೇ ಬೀಳುತ್ತದೆ.

ಆದರೆ ಒಂದನ್ನು ಕೇಳದೆ ಇರಲಾರೆ. ನನ್ನ ಮಾನ ಉಳಿಸಲು ನೀನು ಸುಮ್ಮನಾದೆ ಎಂದು ಬಹಳ ಕಾಲ ನಂಬಿದ್ದೆ. ಅಷ್ಟೇ ಆಗಿದ್ದರೆ ಪರೇಡಿನ ಏಟನ್ನೇ ಬಾರಿಸಿ ಮುಗಿಸಬಹುದಿತ್ತು. ನಿನ್ನಪ್ಪನಿಗಾಗಿ ಅನ್ನೋಣವೆಂದರೆ, ಜಮಖಾನದ ಆಚೆಯ ಬೆರಳುಗಳು ನಿನಗೆ ಕಾಣುತ್ತಿರಲಿಲ್ಲ. ನಿನಗಾಗಿಯೇ ಅಂದರೆ — ಎದುರಿಗೆ ನಾನು ಗೆಲ್ಲುತ್ತ ನಿಂತಿದ್ದಾಗ, ನಿನ್ನದೆಲ್ಲ ಕೈತಪ್ಪುತ್ತಿದ್ದಾಗ, ಅಷ್ಟು ಚೆನ್ನಾಗಿ ಬಾರಿಸಲು ಯಾರಿಗಾದರೂ ಸಾಧ್ಯವೇ? ಯಾವ ವಾದವೂ ನಿಲ್ಲುತ್ತಿಲ್ಲ ನನಗೆ. ನಿನ್ನ ಹೆಬ್ಬೆರಳು ಲಿವರಿನ ಮೇಲೇ ಇತ್ತು ಪದ್ಮಕ್ಕ, ನಾನು ನೋಡಿದೆ. ಅದನ್ನು ಮೇಲಕ್ಕೆತ್ತದೆ ಯಾಕೆ ಬಾರಿಸಿದೆ?